ಐದು ಆಂಪಿಯರಿನ ಮನೆ

"ಗೋಡೆ ಮೇಲೆ ಬರೀಬೇಡಿ ಟೀಚರ್. ಅದು ಸಾಕ್ಷಿ," ಅಂದ ಪೊಲೀಸ್ ಕ್ಯಾಪ್ಟನ್ ಇಹಾಬ್.

ಅಷ್ಟರಲ್ಲಿ ನಾನು ಬರೆದಾಗಿತ್ತು. ನಸೀಬ್ ಅರ್ಕಶ್‌ನ ಮಲಗುವ ಕೋಣೆಯ ಗೋಡೆ ಹೊಗೆ ಕುಡಿದು ಶಾಲೆಯ ಕರಿಹಲಗೆಯ ಹಾಗಾಗಿತ್ತು. ನನ್ನ ಕೈಚೀಲದಲ್ಲಿ ಸೀಮೆಸುಣ್ಣ ಇಲ್ಲದ ದಿನವೇ ಇಲ್ಲ. ಮೂವತ್ತೊಂದು ವರ್ಷ ಮೀನಾ ಬಂದರಿನ ಕೈಗಾರಿಕಾ ಶಾಲೆಯಲ್ಲಿ ವಿದ್ಯುತ್ ಪಾಠ ಹೇಳಿದವಳು ನಾನು, ವಿದಾದ್ ಖಬ್ಬಾಝ್. ನಿವೃತ್ತಿಯಾಗಿದ್ದು ನೌಕರಿಗೆ, ಕೈಗಲ್ಲ.

ಗೋಡೆಯ ಮೇಲೆ ನಾನು ಬರೆದದ್ದು ಇಷ್ಟೆ: 22 ಓಮ್.

ನಾಲ್ಕು ದಿನದ ಹಿಂದೆ, ಗುರುವಾರ ಬೆಳಿಗ್ಗೆ, ಇದೇ ಕೋಣೆಯಲ್ಲಿ ಹೀಟರಿನಿಂದ ಕಂಬಳಿಗೆ ಬೆಂಕಿ ಹತ್ತಿ ನಸೀಬ್ ಹೊಗೆಯಲ್ಲಿ ಉಸಿರುಗಟ್ಟಿ ಸತ್ತಿದ್ದ. ಹಿಂದಿನ ದಿನ ಆ ಹೀಟರನ್ನು ರಿಪೇರಿ ಮಾಡಿದ್ದವನು ನನ್ನ ಶಿಷ್ಯ ಖಲ್ದೂನ್. ಅವನೀಗ ಠಾಣೆಯಲ್ಲಿದ್ದಾನೆ. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಅವನ ಕಾಗದಗಳು ನ್ಯಾಯಾಧೀಶರ ಮೇಜಿಗೆ ಹೋಗುತ್ತವೆ. ಹೋದರೆ ಎರಡು ವರ್ಷ ಜೈಲು ಖಂಡಿತ, ಕಲಿತ ಕಸುಬಿಗೆ ಜನ್ಮಪೂರ್ತಿ ಬೀಗ.

ನನ್ನ ಗಡಿಯಾರದಲ್ಲಿ ಆಗ ಹನ್ನೊಂದೂ ಕಾಲು.

"ಈ ಇಪ್ಪತ್ತೆರಡು ಅಂದ್ರೆ ಏನು?" ಇಹಾಬ್ ಕೇಳಿದ. ಒಳ್ಳೆಯ ಹುಡುಗ, ಆದರೆ ಅವಸರದವನು. ಮುಗಿಯಿತು ಅಂದ ಕೇಸನ್ನು ಮುದುಕಿಯೊಬ್ಬಳು ಮತ್ತೆ ಬಿಚ್ಚುತ್ತಿದ್ದಾಳೆ ಎಂಬ ಬೇಸರ ಅವನ ಮುಖದಲ್ಲಿ ನಿಚ್ಚಳವಾಗಿತ್ತು.

ಹೀಟರ್ ನನ್ನ ಕಾಲ ಬಳಿ ಇತ್ತು. ಎರಡು ಪಿಂಗಾಣಿ ಕಡ್ಡಿ, ಅದಕ್ಕೆ ಸುತ್ತಿದ ತಂತಿ ಸುರುಳಿ. ಬಣ್ಣವೆಲ್ಲ ಸುಟ್ಟು ಹೋಗಿದ್ದರೂ ಸುರುಳಿ ತುಂಡಾಗಿರಲಿಲ್ಲ. ಅದರ ಪ್ಲಗ್ಗಿನ ಎರಡು ಕಡ್ಡಿಗೆ ನನ್ನ ಹಳೇ ಮೀಟರಿನ ಎರಡು ತಂತಿ ಮುಟ್ಟಿಸಿದೆ, ಮುಳ್ಳು ಇಪ್ಪತ್ತೆರಡರ ಮೇಲೆ ನಿಂತಿತು. ಕರೆಂಟು ಹರಿಯಲು ಈ ಸುರುಳಿ ಎಷ್ಟು ಅಡ್ಡಿ ಮಾಡುತ್ತದೆ ಎಂಬುದರ ಲೆಕ್ಕ ಅದು. ಸುಟ್ಟರೂ ಸುರುಳಿ ಸುಳ್ಳು ಹೇಳುವುದಿಲ್ಲ. ಈ ಬೀದಿಯಲ್ಲಿ ಅಂಥ ಗುಣ ಬೇರೆ ಯಾರಲ್ಲೂ ನನಗೆ ಕಂಡಿಲ್ಲ.

ಹೀಟರಿನ ಬೆನ್ನಿಗೆ ಹಿತ್ತಾಳೆ ಪಟ್ಟಿಯೊಂದು ಇತ್ತು. ಮಸಿ ಒರೆಸಿ ಇಹಾಬ್‌ಗೆ ಓದಲು ಹೇಳಿದೆ. ನೂರಹತ್ತು ವೋಲ್ಟ್, ಐನೂರ ಐವತ್ತು ವ್ಯಾಟ್ ಎಂದು ಓದಿದ.

ನಮ್ಮ ಊರಿನ ಹಳೇ ಮನೆಗಳಿಗೆ ಮೊದಲು ಬರುತ್ತಿದ್ದುದು ನೂರಹತ್ತು ವೋಲ್ಟ್. ಆಮೇಲೆ ಇನ್ನೂರ ಇಪ್ಪತ್ತಾಯಿತು. ಹಳೇ ಸಾಮಾನು ಬಿಸಾಡಲು ಮನಸ್ಸು ಬಾರದವರು ನಡುವೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಡಬ್ಬಿ ಇಟ್ಟುಕೊಂಡರು. ಗೋಡೆಯ ಇನ್ನೂರ ಇಪ್ಪತ್ತನ್ನು ಅದು ಅರ್ಧ ಮಾಡಿ ಕೊಡುತ್ತದೆ. ನಸೀಬ್ ಹಡಗಿನಲ್ಲಿ ರೇಡಿಯೋ ಆಪರೇಟರ್ ಆಗಿದ್ದವನು, ಒಂದು ಮೊಳೆಯನ್ನೂ ಬಿಸಾಡಿದವನಲ್ಲ. ಆ ಡಬ್ಬಿ ಅವನ ಹೀಟರಿನ ಪಕ್ಕದಲ್ಲೇ ಸದಾ ಗುಂಯ್‌ಗುಡುತ್ತಿತ್ತು. ಗುರುವಾರ ಅದು ಸಿಕ್ಕಿದ್ದು ಬೀರುವಿನ ಮೇಲೆ.

"ಅದನ್ನೇ ನಾವೂ ಹೇಳ್ತಿರೋದು," ಅಂದ ಇಹಾಬ್. "ರಿಪೇರಿ ಮಾಡೋವಾಗ ಡಬ್ಬಿ ತೆಗ್ದಿದಾನೆ, ವಾಪಸ್ ಹಾಕೋಕೆ ಮರ್ತಿದಾನೆ. ನೂರಹತ್ತರ ಹೀಟರ್ ನೇರ ಇನ್ನೂರಿಪ್ಪತ್ತಕ್ಕೆ ಬಿತ್ತು, ಹತ್ಕೊಳ್ತು. ಅವನೇ ಬರ್ಕೊಟ್ಟಿದಾನಲ್ಲ ಟೀಚರ್, ಮರೆತೆ ಅಂತ. ನಾವೇನು ಹೊಡೆದು ಬರೆಸ್ಕೊಂಡಿಲ್ಲ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಖಲ್ದೂನ್ ಮರೆತೆ ಅಂದ, ಇವರು ಬರೆದುಕೊಂಡರು. ನನ್ನ ಪಾಠದ ಕೋಣೆಯಲ್ಲಿ ಮೂರು ವರ್ಷ ಕೂತವನು ಅವನು. ಬಲ್ಬು ಬದಲಿಸುವ ಮುಂಚೆಯೂ ಮೂರು ಸಲ ಮೀಟರ್ ಹಿಡಿದು ನೋಡಿ ಮಿಕ್ಕವರ ಕೈಲಿ ನಗಿಸಿಕೊಳ್ಳುತ್ತಿದ್ದವನು. ಅವನು ಮರೆತ ಅನ್ನುವುದನ್ನು ನಾನು ನಂಬಲಾರೆ.

ಶನಿವಾರ ಅವನ ತಾಯಿ ನನ್ನ ಮನೆಗೆ ಬಂದಿದ್ದಳು. ಉಮ್ ಖಲ್ದೂನ್ ವಿಧವೆ, ಆರು ವರ್ಷದಿಂದ ನಸೀಬನ ಮನೆಯ ಕಸ ಮುಸುರೆ ಅವಳದೇ. ಮಗನಿಗಾಗಿ ನನ್ನ ಕಾಲು ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದೇ ಬೇರೆ. ಬಿಟ್ಟುಬಿಡಿ ಟೀಚರ್, ಎರಡು ವರ್ಷ ಕಣ್ಣು ಮುಚ್ಚಿ ತೆಗೆಯೋದರಲ್ಲಿ ಕಳೆದು ಹೋಗುತ್ತೆ, ಕೆದಕಿದರೆ ಇನ್ನೇನು ಬರುತ್ತೋ ಅಂದಳು. ನನಗೆ ಸಿಟ್ಟು ಬಂತು. ಬಡವರು ಪೊಲೀಸರಿಗೆ ಹೆದರುವುದು ಸರಿ, ಆದರೆ ಹೆತ್ತ ಮಗನ ವಿಷಯದಲ್ಲೂ ಇಷ್ಟು ಹೆದರಿಕೆಯೇ ಎಂದು ಬೈದು ಕಳಿಸಿದೆ.

ಇಹಾಬ್ ಗಡಿಯಾರ ನೋಡಿಕೊಂಡ. ನಾನು ಮತ್ತೆ ಗೋಡೆಗೆ ತಿರುಗಿದೆ.

"ಡಬ್ಬಿ ಇರ್ಲಿಲ್ಲ ಅನ್ನೋದನ್ನ ಒಪ್ಕೋತೀನಿ," ಅಂದೆ. "ಈಗ ಭಾಗಾಕಾರ ಮಾಡಿ. ಇನ್ನೂರ ಇಪ್ಪತ್ತು ವೋಲ್ಟ್, ಇಪ್ಪತ್ತೆರಡು ಓಮ್. ಎಷ್ಟು ಆಂಪಿಯರ್?"

"ಹತ್ತು."

"ಹತ್ತನ್ನ ಇನ್ನೂರ ಇಪ್ಪತ್ತರಿಂದ ಗುಣಿಸಿ."

"ಎರಡು ಸಾವಿರದ ಇನ್ನೂರು."

"ಪಟ್ಟಿ ಮೇಲಿರೋದು ಐನೂರ ಐವತ್ತು. ನಾಲ್ಕು ಪಟ್ಟು ಶಾಖ. ವೋಲ್ಟೇಜ್ ದುಪ್ಪಟ್ಟಾದ್ರೆ ಕರೆಂಟೂ ದುಪ್ಪಟ್ಟು, ಶಾಖ ಮಾತ್ರ ನಾಲ್ಕು ಪಟ್ಟು. ಕಂಬಳಿ ಹತ್ಕೊಳ್ಳೋಕೆ ಇಷ್ಟು ಸಾಕು."

"ಹಾಗಾದ್ರೆ ನಾವು ಹೇಳಿದ್ದೇ ಸರಿಯಾಯ್ತಲ್ಲ," ಅಂದ ಇಹಾಬ್, ನಗುತ್ತ.

"ಎರಡು ಸಾವಿರದ ಇನ್ನೂರು ಬಿಡಿ. ಹತ್ತು ನೋಡಿ. ನಸೀಬ್ ಎಷ್ಟರವನು?"

ಇಹಾಬನ ನಗು ನಿಂತಿತು. ಬೇರೆ ಊರಿನವನಾದರೆ ಆ ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ನಮ್ಮಲ್ಲಿ ಸರ್ಕಾರಿ ಕರೆಂಟು ನೆಂಟರ ಹಾಗೆ, ಬಂದರೆ ಬಂತು. ಬೀದಿಯ ಜನರೇಟರಿನವನ ಹತ್ತಿರ ಆಂಪಿಯರ್ ಲೆಕ್ಕದಲ್ಲಿ ಕರೆಂಟು ತೆಗೆದುಕೊಂಡೇ ಬದುಕುತ್ತೇವೆ. ಇವರು ಐದರವರು, ಅವರು ಹತ್ತರವರು, ಮೂಲೆಮನೆ ಡಾಕ್ಟರು ಇಪ್ಪತ್ತರವರು. ಹೆಣ್ಣು ಕೊಡುವವರೂ ಮೊದಲು ಕೇಳುವುದು ಹುಡುಗನ ಮನೆ ಎಷ್ಟರದು ಅಂತ. ಐದರ ಮನೆಯ ಹೆಂಗಸು ಇಸ್ತ್ರಿ ಪೆಟ್ಟಿಗೆ ಹಚ್ಚುವ ಮುಂಚೆ ಬಟ್ಟೆ ಒಗೆಯುವ ಮಿಷನ್ ಆರಿಸುತ್ತಾಳೆ, ಇಲ್ಲವಾದರೆ ಕೆಳಗಿನ ಪೆಟ್ಟಿಗೆಯಲ್ಲಿ ಬ್ರೇಕರ್ ಟ್ರಿಪ್ ಆಗಿ ಮನೆ ಕತ್ತಲಾಗುತ್ತದೆ.

"ಐದರವನು," ಅಂದ ಇಹಾಬ್ ನಿಧಾನವಾಗಿ.

"ಹನ್ನೊಂದು ವರ್ಷದಿಂದ ಐದು. ಡಬ್ಬಿ ನಡುವೆ ಇದ್ದಾಗ ಈ ಹೀಟರ್ ಜನರೇಟರಿನಿಂದ ಎಳೀತಿದ್ದಿದ್ದು ಎರಡೂವರೆ ಆಂಪಿಯರ್. ಐದರಲ್ಲಿ ಅರ್ಧ. ಅದಕ್ಕೇ ಇಷ್ಟು ವರ್ಷ ನಡೀತು. ಡಬ್ಬಿ ತೆಗೆದ್ರೆ ಹತ್ತು. ಐದರ ಬ್ರೇಕರ್ ಹತ್ತನ್ನ ಎಷ್ಟು ಹೊತ್ತು ಹೊರುತ್ತೆ?"

ಅದು ಅವನಿಗೆ ಗೊತ್ತಿದ್ದದ್ದೇ, ಅವನ ಮನೆಯೂ ಐದರದ್ದೇ.

ಎದುರು ಮನೆಯ ಉಮ್ ನಬೀಹ್ ಪೊಲೀಸರಿಗೆ ಕೊಟ್ಟ ಹೇಳಿಕೆ ಅವನ ಕೈಯಲ್ಲೇ ಇತ್ತು. ಗುರುವಾರ ಒಂಬತ್ತೂ ಕಾಲಿಗೆ ಅವಳು ಬಟ್ಟೆ ಒಣಗಿಸಲು ಬಾಲ್ಕನಿಗೆ ಬಂದಿದ್ದಳು, ನಸೀಬನ ಕಿಟಕಿಯಲ್ಲಿ ಎಂದೂ ಕಾಣದ ಬೆಳಕು ಕಂಡಿತ್ತು. ಬಟ್ಟೆಯೆಲ್ಲ ಹರವಿ ಮುಗಿಸಿದ ಮೇಲೆ, ಒಂಬತ್ತೂವರೆಗೆ, ಹೊಗೆ ಬಂತು. ಅಂದರೆ ಹೀಟರ್ ಕಾಲು ಗಂಟೆ ಧಗಧಗ ಉರಿದಿದೆ. ಸರ್ಕಾರಿ ಕರೆಂಟು ಆ ದಿನ ಬಂದದ್ದು ಮಧ್ಯಾಹ್ನ ಮೂರಕ್ಕೆ. ಜನರೇಟರ್ ಸೊರಗಿ ಇನ್ನೂರೇ ವೋಲ್ಟ್ ಕೊಟ್ಟಿತು ಅಂದುಕೊಂಡರೂ ಒಂಬತ್ತು ಆಂಪಿಯರ್ ಆಗುತ್ತದೆ. ಹೇಗೆ ತಿರುಗಿಸಿದರೂ ಲೆಕ್ಕ ಐದರೊಳಗೆ ಕೂರುವುದಿಲ್ಲ.

ಇನ್ನೊಂದು ಸಾಕ್ಷಿ ಅಡುಗೆಮನೆಯಲ್ಲಿತ್ತು. ಕನ್ನಡಿಯ ಹಾಗೆ ಹೊಳೆಯುವ ಹೊಸ ಎಲೆಕ್ಟ್ರಿಕ್ ಕೆಟಲ್. ನಸೀಬನ ಅಣ್ಣನ ಮಗ ಹಾತಿಮ್ ಕುವೈತಿನಿಂದ ಚಿಕ್ಕಪ್ಪನಿಗೆ ತಂದ ಉಡುಗೊರೆ. ಈ ಹಾತಿಮ್‌ಗೆ ಮನೆ ಮಾರಿಸುವ ಆಸೆ, ಅದರ ಮೇಲೆ ಇಬ್ಬರಿಗೂ ಜಗಳವಾಗಿದ್ದು ಬೀದಿಗೆಲ್ಲ ಗೊತ್ತು. ಹಾಗಾಗಿ ಭಾನುವಾರ ಅವನನ್ನು ಕೂರಿಸಿಕೊಂಡು ಗುರುವಾರದ ಕತೆ ಕೇಳಿದ್ದೆ. ಎಂಟೂವರೆಗೆ ಬಂದನಂತೆ, ಕೆಟಲಿನಲ್ಲಿ ನೀರು ಕಾಯಿಸಿ ಇಬ್ಬರೂ ಚಹಾ ಕುಡಿದರಂತೆ, ಒಂಬತ್ತಕ್ಕೆ ಹೊರಟನಂತೆ, ಆಗ ಚಿಕ್ಕಪ್ಪ ಹೀಟರ್ ಹಾಕಿಕೊಂಡು ಮಲಗಲು ಅಣಿಯಾಗುತ್ತಿದ್ದನಂತೆ. ಬೆಳಗಿನ ಚಹಾ ಆದ ಮೇಲೆ ಮಧ್ಯಾಹ್ನದವರೆಗೆ ನಿದ್ದೆ ಮಾಡುವುದು ನಸೀಬನ ಅಭ್ಯಾಸವೇ.

ನೀರು ಕಾಯಲು ಎಷ್ಟು ಹೊತ್ತಾಯಿತು ಅಂತ ಕೇಳಿದೆ. ಮೂರು ನಾಲ್ಕು ನಿಮಿಷ, ಒಳ್ಳೇ ಕಂಪನಿಯದು ಅಂದ.

ಕರೆಂಟು ಹೋಗುವುದೇ ಗೊತ್ತಿಲ್ಲದ ಊರಲ್ಲಿ ಹದಿನಾಲ್ಕು ವರ್ಷ ಇದ್ದು ಬಂದವನಿಗೆ ತಾನು ಹೇಳಿದ್ದೇನು ಎಂಬುದೇ ತಿಳಿಯಲಿಲ್ಲ. ಐದರ ಮನೆಯಲ್ಲಿ ಎಲೆಕ್ಟ್ರಿಕ್ ಕೆಟಲ್ ಕುದಿಯುವುದಿಲ್ಲ. ನಾವು ಚಹಾ ಕಾಫಿ ಮಾಡುವುದು ಗ್ಯಾಸಿನ ಮೇಲೆ. ಸುಳ್ಳು ಕಟ್ಟುವವನಾದರೆ ಇಂಥ ಸುಳ್ಳು ಕಟ್ಟುತ್ತಿರಲಿಲ್ಲ. ಕೆಟಲ್ ನಿಜವಾಗಿ ಕುದಿದಿತ್ತು. ಅಂದರೆ ಗುರುವಾರ ಬೆಳಿಗ್ಗೆ ಎಂಟೂವರೆಗೇ ಈ ಮನೆ ಐದರ ಮನೆ ಆಗಿರಲಿಲ್ಲ.

ಯಾರೋ ಅದನ್ನು ದೊಡ್ಡದು ಮಾಡಿದ್ದರು. ಯಾರು ಮಾಡಬಲ್ಲರು ಎಂಬುದಕ್ಕೆ ನನ್ನ ತಲೆಯಲ್ಲಿ ಒಂದೇ ಹೆಸರಿತ್ತು.

"ಕೆಳಗೆ ಬನ್ನಿ ಕ್ಯಾಪ್ಟನ್," ಅಂದೆ. "ಕೆಟಲ್ ತಗೊಂಡು ಬನ್ನಿ. ನೀವು ಕಣ್ಣಾರೆ ನೋಡಬೇಕು, ಕಿವಿಯಾರೆ ಕೇಳಬೇಕು."

ನಾನೇ ಕರೆದೆ ಇಹಾಬನನ್ನು. ಅದನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೆಟ್ಟಿಲ ಬುಡದಲ್ಲಿ ಕಬ್ಬಿಣದ ಪೆಟ್ಟಿಗೆ. ಕಟ್ಟಡದ ಹನ್ನೆರಡು ಮನೆಗೆ ಹನ್ನೆರಡು ಬ್ರೇಕರ್. ಬೆರಳು ತೂರುವಷ್ಟು ಕಿಂಡಿ ಮುಚ್ಚಳದಲ್ಲಿದೆ, ಟ್ರಿಪ್ ಆದರೆ ಯಾರು ಬೇಕಾದರೂ ಮೇಲೆತ್ತಬಹುದು. ಬ್ರೇಕರನ್ನೇ ಬದಲಿಸಬೇಕಾದರೆ ಮುಚ್ಚಳ ತೆಗೆಯಬೇಕು, ಅದಕ್ಕೆ ಕೀಲಿ ಬೇಕು.

ಕೀಲಿಯವನು ಬಂದ. ಅಬು ಲಬೀಬ್, ನಾಲ್ಕು ಬೀದಿಗಳ ಜನರೇಟರ್ ಧಣಿ. ದಪ್ಪ ಮೀಸೆ, ಡೀಸೆಲ್ ವಾಸನೆ, ಬಾಯಲ್ಲಿ ಸದಾ ಏನಾದರೂ ಕುರುಕು. ಜನರೇಟರಿನ ಹೊಗೆ ಶಾಲೆ ಮಕ್ಕಳ ಮುಖಕ್ಕೆ ಹೊಡೆಯುತ್ತದೆ, ಅದನ್ನು ಎತ್ತಿಸಬೇಕು ಅಂತ ನಸೀಬ್ ಮನೆಮನೆ ತಿರುಗಿ ಇನ್ನೂರು ಸಹಿ ಹಾಕಿಸಿದ್ದ. ಸತ್ತ ಮೇಲೆ ಆ ಅರ್ಜಿಯ ಸುದ್ದಿ ಯಾರೂ ಎತ್ತಿರಲಿಲ್ಲ.

"ಏನು ಸಿತ್ ವಿದಾದ್," ಅಂದ ಅಬು ಲಬೀಬ್, ಅಮ್ಮಾವ್ರೇ ಎನ್ನುವ ಸಿತ್ ಅನ್ನು ಎಳೆದು. "ಪಾಠ ಹೇಳೋಕೆ ಮಕ್ಕಳು ಸಿಗ್ಲಿಲ್ವಾ, ಪೊಲೀಸ್ರನ್ನ ಹಿಡ್ಕೊಂಡ್ ಬಂದ್ರಾ?"

"ಇವತ್ತಿನ ಪಾಠ ನಿಮಗೇ ಅಬು ಲಬೀಬ್. ಪೆಟ್ಟಿಗೆ ತೆಗೀರಿ."

ತೆಗೆದ. ನಸೀಬನ ಹೆಸರು ಬರೆದ ಬ್ರೇಕರಿನ ಮೇಲೆ ಐದು ಎಂದೇ ಇತ್ತು. ಅದರ ತಂತಿಗೆ ಒಂದು ಪ್ಲಗ್ ಪಾಯಿಂಟ್ ಕಟ್ಟಿಕೊಡಲು ಹೇಳಿದೆ. ಗೊಣಗುತ್ತ ಕಟ್ಟಿದ. ಕೆಟಲಿಗೆ ಒಂದು ಲೀಟರ್ ನೀರು ತುಂಬಿ ಮೆಟ್ಟಿಲ ಮೇಲಿಟ್ಟೆ. ಅದರ ತಳದಲ್ಲಿದ್ದ ಅಂಕಿ ಇಹಾಬ್ ಓದಿದ: ಇನ್ನೂರ ಇಪ್ಪತ್ತು ವೋಲ್ಟ್, ಎರಡು ಸಾವಿರದ ಇನ್ನೂರು ವ್ಯಾಟ್. ನಾನು ಹೇಳುವ ಮೊದಲೇ ಭಾಗಿಸಿ ಹತ್ತು ಆಂಪಿಯರ್ ಅಂದ. ಕಲಿಯುವ ಹುಡುಗ.

"ಹೀಟರಿನಷ್ಟೇ ಹೊರೆ," ಅಂದೆ. "ಸೆಕೆಂಡು ಎಣಿಸಿ."

ಸ್ವಿಚ್ ಹಾಕಿದೆ. ಮೆಟ್ಟಿಲ ಮೇಲೆ ಮೂವರೂ ಕೆಟಲನ್ನೇ ನೋಡುತ್ತ ನಿಂತೆವು. ಅಬು ಲಬೀಬ್ ಕುರುಕುವುದನ್ನು ನಿಲ್ಲಿಸಿದ್ದ. ಇಹಾಬ್ ಇಪ್ಪತ್ತೊಂದು ಅನ್ನುವಾಗ ಪೆಟ್ಟಿಗೆಯಲ್ಲಿ ಟಕ್ ಅಂದಿತು, ಕೆಟಲಿನ ದೀಪ ಆರಿತು.

ಅಬು ಲಬೀಬನ ಮೀಸೆ ಅರಳಿತು. "ನೋಡಿ ಸಾಹೇಬ್ರೇ. ಅಬು ಲಬೀಬನ ಐದು ಅಂದ್ರೆ ಐದೇ. ಜನ ಏನೇನೋ ಆಡ್ಕೋತಾರೆ, ಇವನು ಕಮ್ಮಿ ಕೊಡ್ತಾನೆ ಅಂತ. ಬರ್ಕೊಳ್ಳಿ."

"ಬರ್ಕೊಳ್ಳಿ ಕ್ಯಾಪ್ಟನ್," ಅಂದೆ ನಾನೂ. "ಆಮೇಲೆ ನೀರು ಮುಟ್ಟಿ ನೋಡಿ."

ಇಹಾಬ್ ಬೆರಳದ್ದಿದ. ನೀರಿನ ತಣುವು ಹೋಗಿತ್ತು, ಅಷ್ಟೆ.

"ಇಪ್ಪತ್ತೊಂದು ಸೆಕೆಂಡಿಗೆ ಇಷ್ಟು ಬಿಸಿ. ಹೀಟರ್ ಕೂಡ ಅಷ್ಟೇ ಹೊತ್ತು ಉರೀಬೇಕಿತ್ತು, ಸುರುಳಿ ಕೆಂಪಗಾಗೋ ಹೊತ್ತಿಗೆ ಆರ್ಬೇಕಿತ್ತು. ಕಂಬಳಿಯ ಒಂದು ಎಳೆಯೂ ಸುಡ್ತಿರ್ಲಿಲ್ಲ. ಖಲ್ದೂನ್ ಡಬ್ಬಿ ಮರ್ತಿದ್ರೂ ನಸೀಬ್ ಸಾಯ್ತಿರ್ಲಿಲ್ಲ. ಮನೆ ಕತ್ತಲಾಗ್ತಿತ್ತು, ಅವನು ಅಬು ಲಬೀಬನಿಗೆ ಎರಡು ಬೈಗುಳ ಬೈದು ಮಲಗ್ತಿದ್ದ. ಅವನು ಸತ್ತಿದ್ದು ಯಾರೋ ಮರೆತದ್ರಿಂದ ಅಲ್ಲ. ಈ ಐದನ್ನ ಕಿತ್ತು ದೊಡ್ಡದು ಹಾಕಿದ್ರಿಂದ. ಕೆಲಸ ಆದ್ಮೇಲೆ ಮತ್ತೆ ಐದು ಹಾಕಿದಾರೆ."

ಇಹಾಬ್ ಪೆನ್ನು ತೆಗೆದ. ಅವನ ಮುಖದ ಬೇಸರ ಪೂರ್ತಿ ಹೋಗಿತ್ತು. "ಕಾಲು ಗಂಟೆ ಹೊರೋಕೆ ಎಷ್ಟರದು ಬೇಕು?"

"ಹದಿನಾರು. ಇಪ್ಪತ್ತಾದ್ರೆ ಇನ್ನೂ ನಿಶ್ಚಿಂತೆ." ನಾನು ಅಬು ಲಬೀಬನ ಕಡೆ ತಿರುಗಿದೆ. "ಈ ಪೆಟ್ಟಿಗೆ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ಇಪ್ಪತ್ತರ ಬ್ರೇಕರುಗಳು?"

"ನನ್ನ ಸಾಮಾನಿನ ಡಬ್ಬಿಯಲ್ಲಿ." ಅವನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ನನ್ನ ಮನಸ್ಸು ಹಿಗ್ಗಿತು. ಗಂಟೆ ಹನ್ನೆರಡೂ ಆಗಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಖಲ್ದೂನ್ ತಾಯಿ ಜೊತೆ ಮನೆಯಲ್ಲಿರುತ್ತಾನೆ ಅಂದುಕೊಂಡೆ.

"ಸಹಿ ಹಾಕಿಸಿದವನ ಬಾಯಿ ಮುಚ್ಚಿಸೋಕೆ ಒಳ್ಳೇ ದಾರಿ ಹುಡುಕಿದ್ರಿ ಅಬು ಲಬೀಬ್," ಅಂದೆ. "ಆ ಹುಡುಗನ ತಲೆ ಮೇಲೆ ಹಾಕೋದಕ್ಕೆ ನಾಚಿಕೆ ಆಗ್ಲಿಲ್ವಾ?"

ಅವನು ಕೂಗಾಡುತ್ತಾನೆ ಎಂದು ಕಾದೆ. ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕೆಟಲಿನ ಪಕ್ಕ ಕೂತುಬಿಟ್ಟ. ಅವನ ದನಿ ನಾನು ಎಂದೂ ಕೇಳದಷ್ಟು ತಗ್ಗಿತ್ತು.

"ಸಿತ್ ವಿದಾದ್, ನಾನು ಬಾಯಿ ಮುಚ್ಕೊಂಡಿದ್ದೆ. ಯಾರ ಸಲುವಾಗಿ ಮುಚ್ಕೊಂಡಿದ್ದೆ ಅಂತ ನಿಮಗೆ ಗೊತ್ತಿಲ್ಲ. ಈ ಪೆಟ್ಟಿಗೆಗೆ ಎರಡು ಕೀಲಿ."

"ಎರಡನೇದು ಎಲ್ಲಿದೆ?" ಇಹಾಬ್ ಕೇಳಿದ.

"ಈಗ ನನ್ನ ಹತ್ರಾನೇ ಇದೆ. ಬುಧವಾರ ಸಾಯಂಕಾಲ ಖಲ್ದೂನ್ ಬಂದು ಇಸ್ಕೊಂಡ. ಮೇಲ್ಮನೆಯವರ ಬ್ರೇಕರ್ ಸ್ಕ್ರೂ ಸಡಿಲ ಆಗಿದೆ, ಕಿಡಿ ಬರ್ತಿದೆ, ಬಿಗಿ ಮಾಡ್ತೀನಿ ಅಂದ. ನನ್ನ ಸಣ್ಣಪುಟ್ಟ ಕೆಲಸ ಎಲ್ಲ ಅವನೇ ಮಾಡೋದು, ಕೊಟ್ಟೆ. ಗುರುವಾರ ಹನ್ನೊಂದು ಗಂಟೆಗೆ ತಂದುಕೊಟ್ಟ. ಅಷ್ಟೊತ್ತಿಗೆ ನಸೀಬನ ಹೆಣ ಕೆಳಗಿಳಿಸಿದ್ರು. ಕೀಲಿ ಜೊತೆ ಒಂದು ಇಪ್ಪತ್ತರ ಬ್ರೇಕರೂ ನನ್ನ ಡಬ್ಬಿಗೆ ಹಾಕ್ದ. ಎಲ್ಲಿಂದ ಬಂತು ಅಂತ ನಾನು ಕೇಳ್ಲಿಲ್ಲ."

ಇಹಾಬನ ಪೆನ್ನು ಓಡುತ್ತಿತ್ತು.

"ಸಾಯಂಕಾಲ ಮರೆತೆ ಅಂತ ಅವನು ಬರ್ಕೊಟ್ಟ ಸುದ್ದಿ ಬಂತು. ನಾನು ಅಂದ್ಕೊಂಡೆ, ಒಳ್ಳೇದಾಯ್ತು, ಎರಡು ವರ್ಷಕ್ಕೆ ಮುಗಿಯುತ್ತೆ. ಅವನಪ್ಪ ನನ್ನ ಮೊದಲ ಜನರೇಟರ್ ಕೂರಿಸಿಕೊಟ್ಟವನು, ಆ ಋಣ ಇದೆ ನನ್ಮೇಲೆ. ಮರೆವಿಗೆ ಎರಡು ವರ್ಷ. ನೀವು ಇಲ್ಲಿ ಕೆಟಲ್ ಇಟ್ಕೊಂಡು ತೋರಿಸಿದ್ದು ಮರೆವು ಅಲ್ಲ ಅಂತ. ಅದಕ್ಕೆ ಎಷ್ಟು ವರ್ಷ ಅಂತ ಸಾಹೇಬ್ರನ್ನ ಕೇಳಿ."

ನಾನು ಕೇಳಲಿಲ್ಲ. ಇಹಾಬನ ಕಡೆ ತಿರುಗಿದೆ.

ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಇಹಾಬ್‌ಗೆ ಹೇಳಿದೆ. ಕೀಲಿ ಇವನದು, ಬ್ರೇಕರ್ ಇವನದು, ಹಗೆತನ ಇವನದು, ಈಗ ಸಿಕ್ಕಿಬಿದ್ದ ಮೇಲೆ ಹುಡುಗನ ಹೆಸರು ಹೇಳಿದರೆ ಆಯಿತೇ ಎಂದೆ. ಇಹಾಬ್ ಸಮಾಧಾನದಿಂದ ಪುಸ್ತಕ ಮುಚ್ಚಿದ. ಇವನು ಹೇಳೋದು ಸುಳ್ಳೋ ನಿಜವೋ ಖಲ್ದೂನನ್ನೇ ಕೇಳೋಣ ಅಂದ. ಅಬು ಲಬೀಬನನ್ನೂ ಜೀಪಿಗೆ ಹತ್ತಿಸಿದ.

"ನಿಮ್ಮ ಲೆಕ್ಕ ಅಚ್ಚುಕಟ್ಟಾಗಿತ್ತು ಟೀಚರ್," ಅಂದ ದಾರಿಯಲ್ಲಿ. ಮೆಚ್ಚುಗೆಯಿಂದಲೇ ಅಂದ, ಅದಕ್ಕೇ ಚುಚ್ಚಿತು.

ಠಾಣೆಯ ಜಗಲಿಯ ಬೆಂಚಿನ ಮೇಲೆ ಉಮ್ ಖಲ್ದೂನ್ ಕೂತಿದ್ದಳು. ದಿನವೂ ಈ ಹೊತ್ತಿಗೆ ಮಗನಿಗೆ ಬೇಳೆ ಅನ್ನ ತರುತ್ತಾಳೆ. ಜೀಪಿನಿಂದ ನಾನೂ ಅಬು ಲಬೀಬನೂ ಇಳಿದದ್ದು ನೋಡಿ ಎದ್ದು ನಿಂತಳು. ಏನಾಯಿತು ಅಂತ ಕೇಳಲಿಲ್ಲ. ನಾನೂ ಅವಳ ಮುಖ ನೋಡದೆ ಒಳಗೆ ಹೋದೆ.

ಇಹಾಬ್ ನ್ಯಾಯಾಧೀಶರ ಕಚೇರಿಗೆ ಫೋನ್ ಮಾಡಬೇಕಿತ್ತು. ಮರೆವಿನ ಕಾಗದ ತಡೆಹಿಡಿಯಿರಿ, ಇದು ಕೊಲೆ ಕೇಸು ಆಗುತ್ತಿದೆ ಎಂದು ಹೇಳಲು. ಐದು ನಿಮಿಷ ನಿಮಗೆ, ಆಮೇಲೆ ನನಗೆ ಅಂತ ಹೇಳಿ ಪಕ್ಕದ ಕೋಣೆಗೆ ಹೋದ.

ಖಲ್ದೂನ್ ಗೋಡೆಗೆ ಒರಗಿ ಕೂತಿದ್ದ. ನಾಲ್ಕು ದಿನದ ಗಡ್ಡ. ನನ್ನನ್ನು ಕಂಡು ಪಾಠದ ಕೋಣೆಯಲ್ಲಿ ಎದ್ದಂತೆ ಎದ್ದು ನಿಂತ. ನಾನು ಗೋಡೆಯ ಮೇಲಿನ ಇಪ್ಪತ್ತೆರಡು ಓಮ್‌ನಿಂದ ಕೆಟಲಿನವರೆಗೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅಬು ಲಬೀಬ್ ಕೀಲಿಯ ಕತೆ ಕಟ್ಟಿದ್ದಾನೆ, ಅದು ಸುಳ್ಳು ಅಂತ ಕ್ಯಾಪ್ಟನ್ ಎದುರಿಗೆ ಒಂದು ಮಾತು ಹೇಳು ಅಂದೆ.

ಅವನ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ದಣಿವು.

"ಟೀಚರ್, ನಾನು ಮರೆತೆ ಅಂತ ಬರ್ಕೊಟ್ಟಿದ್ದೆ," ಅಂದ. "ಅಷ್ಟಕ್ಕೇ ಬಿಡಬಾರದಿತ್ತಾ?"

"ಅಂದ್ರೆ ಕೀಲಿ ನೀನು ತಗೊಂಡಿದ್ದು ನಿಜಾನಾ?"

"ನಿಜ. ಸ್ಕ್ರೂ ಬಿಗಿ ಮಾಡಿದ್ದೂ ನಿಜ. ಅಷ್ಟೊತ್ತಿಗೆ ಅಬು ಲಬೀಬ್ ಬಾಗಿಲು ಹಾಕಿದ್ರು, ಮನೆಗೆ ತಗೊಂಡ್ಹೋಗಿ ಮೊಳೆಗೆ ನೇತುಹಾಕಿದೆ. ಡಬ್ಬಿಯನ್ನ ನಾನು ಹೀಟರ್ ಪಕ್ಕದಲ್ಲೇ ಇಟ್ಟು ಬಂದಿದ್ದೆ ಟೀಚರ್, ಪ್ಲಗ್ ಹಾಕಿ, ಮೂರು ಸಲ ನೋಡಿ. ಮರ್ತಿರ್ಲಿಲ್ಲ."

ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಖಾತ್ರಿಯಾದಾಗ ಸಂತೋಷವಾಗಬೇಕಿತ್ತು.

"ಗುರುವಾರ ಎಂಟಕ್ಕೆ ಕೆಲಸಕ್ಕೆ ಹೊರಡೋವಾಗ ಮೊಳೆ ಮೇಲೆ ಕೀಲಿ ಇರ್ಲಿಲ್ಲ," ಅಂದ ಅವನು. ದನಿ ಇನ್ನೂ ತಗ್ಗಿಸಿದ. "ಬೆಂಕಿ ಸುದ್ದಿ ಕೇಳಿ ಹತ್ತು ಗಂಟೆಗೆ ಮನೆಗೆ ಓಡಿದೆ. ಕೀಲಿ ಮೊಳೆ ಮೇಲಿತ್ತು. ಹೋಗಿ ಪೆಟ್ಟಿಗೆ ತೆಗ್ದೆ. ಎಲ್ಲರೂ ಮೇಲೆ ನೀರು ಎರಚೋ ಗಲಾಟೆಲಿದ್ರು. ನಸೀಬ್ ಹೆಸರಿನ ಜಾಗದಲ್ಲಿ ಇಪ್ಪತ್ತಿತ್ತು. ನಮ್ಮಪ್ಪನ ಹಳೇ ಸಾಮಾನು ಪೆಟ್ಟಿಗೆಲಿದ್ದ ಇಪ್ಪತ್ತು ಅದು, ಮೇಲೆ ಅಪ್ಪನ ಗುರುತಿನ ಗೀರಿತ್ತು. ಅದನ್ನ ಕಿತ್ತು, ಬ್ರೇಕರ್ ಪೆಟ್ಟಿಗೆ ತಳದಲ್ಲಿ ಬಿದ್ದಿದ್ದ ಐದನ್ನೇ ಮತ್ತೆ ಹಾಕ್ದೆ."

"ಯಾರು ಹಾಕಿದ್ರು ಅದನ್ನ?"

"ನನ್ನ ಬಾಯಲ್ಲಿ ಹೇಳಿಸ್ಬೇಡಿ. ಅಪ್ಪ ಇದ್ದಾಗ ಕರೆಂಟ್ ರಿಪೇರಿ ಅಂಗಡಿಲಿ ಅವರ ಕೈಗೆ ಒಂದೊಂದೇ ಸಾಮಾನು ಎತ್ಕೊಡ್ತಿದ್ದೋರು ಯಾರು ಅಂತ ನಿಮಗೂ ಗೊತ್ತು." ಅವನು ಮುಖ ತಿರುಗಿಸಿಕೊಂಡ. "ನಸೀಬನ ಕೋಣೆ ದಿನಾ ಗುಡಿಸೋರೂ ಅವರೇ, ಯಾಕೆ ಮಾಡಿದ್ರು ಅಂತ ನನಗೆ ಕೇಳೋಕಾಗ್ಲಿಲ್ಲ. ನಮ್ಮನೇಲಿ ಇರೋದು ಇಬ್ರೇ ಟೀಚರ್."

ಪಕ್ಕದ ಕೋಣೆಯಲ್ಲಿ ಫೋನ್ ಇಟ್ಟ ಸದ್ದಾಯಿತು. ಇಹಾಬ್ ಪುಸ್ತಕ ಬಿಚ್ಚಿಕೊಂಡೇ ಬಂದ. ಅವನ ಹಿಂದೆ, ತೆರೆದ ಬಾಗಿಲಲ್ಲಿ, ಊಟದ ಡಬ್ಬಿ ಎದೆಗೊತ್ತಿಕೊಂಡು ಉಮ್ ಖಲ್ದೂನ್ ನಿಂತಿದ್ದಳು.

"ಏನಂದ ಟೀಚರ್?" ಇಹಾಬ್ ಕೇಳಿದ. "ನಿಮ್ಮ ಮಾತು ನಾನು ನಂಬ್ತೀನಿ. ನೀವು ಹೇಳಿದ್ದೇ ಬರ್ಕೋತೀನಿ."

ಮೂವತ್ತೊಂದು ವರ್ಷ ಮೀಟರಿನ ಮುಳ್ಳು ಎಲ್ಲಿ ನಿಂತಿದೆಯೋ ಅದನ್ನೇ ಬರೆಯಬೇಕು, ಒಂದು ಗೆರೆಯನ್ನೂ ಆಚೀಚೆ ಮಾಡಬಾರದು ಎಂದು ಮಕ್ಕಳ ಕಿವಿ ಹಿಂಡಿದವಳು ನಾನು. ಇಹಾಬ್ ಪೆನ್ನು ಹಿಡಿದು ಕಾಯುತ್ತಿದ್ದ. ನಿಜ ಹೇಳಿದರೆ ತಾಯಿ, ಮುಚ್ಚಿಟ್ಟರೆ ಮಗ. ಅವನ ಹೆಗಲಾಚೆಯಿಂದ ಆ ತಾಯಿ ನನ್ನನ್ನೇ ನೋಡುತ್ತ, ಬೇಡ ಎಂದೋ ಹೇಳಿ ಎಂದೋ ನನಗೆ ತಿಳಿಯದ ಹಾಗೆ ಒಮ್ಮೆ ತಲೆಯಾಡಿಸಿದಳು.